ಹುಳ ಸಾಕಿದ ಸೀಮೆಗೊಂದು ಚಿಟ್ಟೆ ಹಬ್ಬ

ಬೆಂಗಳೂರಿನ ಜೆ.ಪಿ. ನಗರದ ಆಚೆ, ದೊರೆಸಾನಿಪಾಳ್ಯದಲ್ಲಿ ಅರಣ್ಯ ಇಲಾಖೆಯದೊಂದು ಆವರಣವಿದೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದರೂ ಒಳಗೆ ಕುರುಚಲು ಗಿಡ, ಬಳ್ಳಿ, ಕಳೆ ಎಲ್ಲ ಉಳಿದುಕೊಂಡಿವೆ. ಅಲ್ಲಿ ಚಿಟ್ಟೆ ಹಬ್ಬ ನಡೆದದ್ದುಂಟು. ಚಿಟ್ಟೆ ಹಬ್ಬ ಅಂದರೆ ಏನು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಬೆಳಿಗ್ಗೆ ಎಳೆ ಬಿಸಿಲಿಗೆ ರೆಕ್ಕೆ ಹರಡಿ ಕೂತ ಚಿಟ್ಟೆಗಳನ್ನು ನೋಡುತ್ತ ಗುಂಪಾಗಿ ನಡೆಯುವುದು, ಗೊತ್ತಿದ್ದವರು ಹೆಸರು ಹೇಳಿಕೊಡುವುದು, ಮಕ್ಕಳು ಬಣ್ಣದ ಪೆನ್ಸಿಲ್ ಹಿಡಿದು ಬಗ್ಗಿ ಕೂರುವುದು, ಹೋಗುವಾಗ ಕೈಗೊಂದು ಸಸಿ. ಟಿಕೆಟ್ಟು, ಧ್ವನಿವರ್ಧಕ, ಗಣ್ಯರ ಸಾಲು ಯಾವುದೂ ಇಲ್ಲದೆ ಚೆನ್ನಾಗಿ ನಡೆಯಬಲ್ಲ ಹಬ್ಬ ಅದು. ಸೆಪ್ಟೆಂಬರ್ ಬಂತೆಂದರೆ ದೇಶದ ತುಂಬ ಚಿಟ್ಟೆ ಎಣಿಸುವವರು ಕ್ಯಾಮೆರಾ ಹಿಡಿದು ಹೊರಡುತ್ತಾರೆ. 2020ರಿಂದ ಆ ತಿಂಗಳನ್ನೇ ಚಿಟ್ಟೆ ತಿಂಗಳೆಂದು ಆಚರಿಸುವ ರೂಢಿ ಬಂದಿದೆ.

ಈ ಹಬ್ಬ ಮೈಸೂರು ರಸ್ತೆ ಹಿಡಿದು ರಾಮನಗರ, ಚನ್ನಪಟ್ಟಣಕ್ಕೆ ಬರಬೇಕು, ಅಲ್ಲಿಂದ ಒಂದು ಕಡೆ ಕನಕಪುರಕ್ಕೆ, ಇನ್ನೊಂದು ಕಡೆ ಮಾಗಡಿಗೆ ಹೋಗಬೇಕು ಅನ್ನುವುದು ನನ್ನ ಬಹುದಿನದ ಆಸೆ. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರು ಯಾವುದೇ ಇರಲಿ, ಇಲ್ಲಿನ ನೆಲ ಕೀಟಗಳ ಋಣದಲ್ಲಿರುವ ನೆಲ. ಚಿಟ್ಟೆಯ ರೆಕ್ಕೆ ನೋಡಿ ಸಂತೋಷಪಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆದರೆ ಚಿಟ್ಟೆ ಬೇಕೆನ್ನುವವರು ಹುಳವನ್ನೂ ಬೇಕೆನ್ನಬೇಕಲ್ಲ! ಹುಳವನ್ನು ಮನೆಯೊಳಗೇ ಕರೆದು, ಮೇಲಿನ ಅಟ್ಟದಲ್ಲೋ ನಡುಮನೆಯಲ್ಲೋ ಜಾಗ ಕೊಟ್ಟು, ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಸಾಕಿದ ಜನ ಈ ಸೀಮೆಯವರು. ರೇಷ್ಮೆ ಸಾಕುವ ಶಿಡ್ಲಘಟ್ಟದವರೂ ಇದೇ ಮಾತನ್ನು ತಮ್ಮ ಬಗ್ಗೆ ಹೇಳಿಕೊಳ್ಳಬಹುದು, ಹೇಳಿಕೊಳ್ಳಲಿ.

ರೇಷ್ಮೆ ಹುಳದ ಮನೆಗೆ ಹೋಗಿ ನೋಡಿದವರಿಗೆ ಗೊತ್ತು. ಚಾಕಿ, ಅಂದರೆ ಎಳೆ ಹುಳ, ತಂದ ದಿನದಿಂದ ಆ ಮನೆಯ ದಿನಚರಿಯೇ ಬೇರೆ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ಹುಳ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಮೂರನೇದು, ನಾಲ್ಕನೇದು. ಮನೆಗೆ ಬಂದ ನೆಂಟರು ಮಕ್ಕಳ ಓದು ವಿಚಾರಿಸಿದ ಮೇಲೆ ಕೇಳುವ ಮಾತು, 'ಹುಳ ಎಷ್ಟನೇ ಜ್ವರದಲ್ಲಿವೆ?' ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ತಡೆಯಿಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿಂದು ಮುಗಿಸುತ್ತವೆ. ಆಗ ಗಂಡಸರು, ಹೆಂಗಸರು, ರಜೆಗೆ ಬಂದ ಮೊಮ್ಮಕ್ಕಳು ಎಲ್ಲರೂ ಸೊಪ್ಪು ಕೊಯ್ಯುವವರೇ. ಹುಳ ಹಣ್ಣಾದವು ಅಂದರೆ ಮೈ ಪಾರದರ್ಶಕವಾಗಿ ಹೊಳೆಯತೊಡಗುತ್ತದೆ. ಆರಿಸಿ ಚಂದ್ರಿಕೆಯ ತಟ್ಟೆಗೆ ಬಿಡುತ್ತಾರೆ. ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಯುತ್ತದೆ. ಆ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ನಮ್ಮ ಜಿಲ್ಲೆಯಿಂದಷ್ಟೇ ಅಲ್ಲ, ಆಂಧ್ರ, ತಮಿಳುನಾಡಿನಿಂದಲೂ ರೈತರು ಮೂಟೆ ಹೊತ್ತು ಬರುತ್ತಾರೆ.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಚಿಟ್ಟೆ ಹಬ್ಬಕ್ಕೆ ಬಂದ ಮಗು ಅದನ್ನು ಕೇಳಿಯೇ ಕೇಳುತ್ತದೆ: ಗೂಡಿನೊಳಗಿನ ಚಿಟ್ಟೆ ಎಲ್ಲಿ ಹೋಯಿತು? ಅದಕ್ಕೆ ಮರೆಮಾಚದ ಉತ್ತರ ಕೊಡಬೇಕು. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ನೂರಾರು ಮೀಟರಿನ ಒಂದೇ ಎಳೆ ತುಂಡು ತುಂಡಾಗುತ್ತದೆ. ಅದಕ್ಕೇ ಅದು ಹೊರಬರುವ ಮೊದಲೇ ಗೂಡಿಗೆ ಶಾಖ ಕೊಟ್ಟು ಒಳಗಿನ ಜೀವ ತೆಗೆಯುತ್ತಾರೆ, ಬಿಸಿನೀರಲ್ಲಿ ಹಾಕಿ ನೂಲು ತೆಗೆಯುತ್ತಾರೆ. ಅಜ್ಜಿಯ ಸೀರೆ, ಅಮ್ಮನ ಧಾರೆ ಸೀರೆ, ಎಷ್ಟೋ ಮನೆಗಳ ಸ್ಕೂಲ್ ಫೀಜು ಈ ಜೀವದ ಬೆಲೆಯಿಂದ ಬಂದದ್ದು. ಮಕ್ಕಳಿಗೆ ಹೀಗೆಯೇ ಹೇಳಿದರೆ ಅರ್ಥವಾಗುತ್ತದೆ. ಸುಳ್ಳು ಹೇಳಿ ಸಮಾಧಾನಪಡಿಸುವುದಕ್ಕಿಂತ ಅದು ಮೇಲು. ಗೂಡು ಬಿಡಿಸಿದ ಮೇಲೆ ಉಳಿದ ಕೋಶವನ್ನೂ ಎಣ್ಣೆಗೆ, ಮೀನು ಕೋಳಿಯ ಮೇವಿಗೆ ಬಳಸುತ್ತಾರೆಂದೂ ಹೇಳಬೇಕು.

ಆದರೆ ಅದೇ ಮಗುವನ್ನು ಮಾಗಡಿ ಕಡೆಗೂ ಕರೆದೊಯ್ಯಬೇಕು. ಮಾಗಡಿ, ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಪ್ರದೇಶ. ಇಲ್ಲಿ ಬೆಳೆದ ಗೂಡು ನೂಲಿಗಲ್ಲ, ಮೊಟ್ಟೆಗೆ. ಬಿತ್ತನೆ ಕೋಠಿಯಲ್ಲಿ ಗೂಡನ್ನು ಕಾಯುತ್ತಾರೆ. ಬೆಳಗಾಗುವ ಹೊತ್ತಿಗೆ ಚಿಟ್ಟೆಗಳು ಗೂಡು ನೆನೆಸಿ ಸೀಳಿ ಹೊರಬರುತ್ತವೆ. ಮಂಕು ಬಿಳಿಯ ಬಣ್ಣ, ದಪ್ಪ ಮೈ. ಹೆಣ್ಣಿಗೆ ಹಾರಲು ಬಾರದು, ಗಂಡು ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ತಿನ್ನಲು ಬಾಯೂ ಇಲ್ಲ. ಸಾವಿರಾರು ವರ್ಷ ಮನುಷ್ಯನ ಆರೈಕೆಯಲ್ಲಿ ಬೆಳೆದು ಹೂವನ್ನೂ ಆಕಾಶವನ್ನೂ ಮರೆತ ಜೀವ ಅದು. ಜೋಡಿಯಾಗಿ, ಮೊಟ್ಟೆ ಇಟ್ಟು, ಕೆಲವೇ ದಿನದಲ್ಲಿ ಮುಗಿದುಹೋಗುತ್ತದೆ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಗಂಟುರೋಗ ಇದೆಯೇ ಎಂದು ನೋಡುತ್ತಾರೆ. ರೋಗವಿದ್ದರೆ ಆ ಮೊಟ್ಟೆಗಳನ್ನು ಸುಡುತ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರಿಗೆ ಈ ಉಪಾಯ ಹೇಳಿಕೊಟ್ಟವನು ಲೂಯಿ ಪಾಸ್ಚರ್. ಹುಚ್ಚು ನಾಯಿ ಕಡಿತದ ಲಸಿಕೆ ಕಂಡುಹಿಡಿದ ಅದೇ ಪಾಸ್ಚರ್. ಅವನು ಕಲಿಸಿದ ಪರೀಕ್ಷೆ ನಮ್ಮ ಕೋಠಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ ಅನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ.

ರೇಷ್ಮೆ ಚಿಟ್ಟೆ ಹೂವಿಗೆ ಹೋಗುವುದಿಲ್ಲ, ಪರಾಗ ಹೊರುವುದಿಲ್ಲ, ನಿಜ. ಹಾಗಿದ್ದೂ ಅದು ಹೂವಿಗೆ ಹೋಗುವ ಬಂಧುಗಳಿಗೆ ಒಂದು ಉಪಕಾರ ಮಾಡುತ್ತಿದೆ. ಹಿಪ್ಪುನೇರಳೆ ತೋಟದ ಪಕ್ಕ ಯಾರಾದರೂ ಬೇಕಾಬಿಟ್ಟಿ ಔಷಧಿ ಹೊಡೆದರೆ ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತು ಹುಳ ಸಾಯುತ್ತವೆ. ಅಂಥ ಜಗಳಗಳು ಪಂಚಾಯಿತಿ ಕಟ್ಟೆ ಏರಿದ್ದನ್ನು ಹಳಬರು ಹೇಳುತ್ತಾರೆ. ಹುಳದ ಭಯಕ್ಕೆ ಹೊಲದವರು ಪಂಪು ಮುಟ್ಟುವ ಮೊದಲು ಸುತ್ತ ನೋಡುತ್ತಾರೆ. ಆ ಎಚ್ಚರ ಬದುವಿನ ಜೇನಿಗೂ ಚಿಟ್ಟೆಗೂ ಒದಗುತ್ತದೆ.

ಎಲ್ಲ ಕೀಟವೂ ನಂಟನೆಂದು ಹೇಳಿದರೆ ಇಲ್ಲಿಯ ರೈತ ಒಪ್ಪುವುದಿಲ್ಲ, ಒಪ್ಪಲೂ ಬಾರದು. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗೆ ಬೆಳೆಯನ್ನೇ ಹಾಳು ಮಾಡತೊಡಗಿತು. ಹುಳುಮನೆಯ ಕಿಟಕಿಗಳಿಗೆಲ್ಲ ನೈಲಾನ್ ಪರದೆ ಬಂದದ್ದು ಅದರಿಂದಲೇ. ಅದಕ್ಕೆ ಮದ್ದಾಗಿಯೂ ಒಂದು ಪುಟ್ಟ ಕಣಜವನ್ನು ಸಾಕಿ ಬಿಡುತ್ತಾರೆ. ಅದು ಹೋಗಿ ಊಜಿಯ ಕೋಶದೊಳಗೆ ಮೊಟ್ಟೆಯಿಡುತ್ತದೆ.

ಇನ್ನು ಮಾವು. ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ! ಕೋಲಾರದ ಶ್ರೀನಿವಾಸಪುರವನ್ನು ಬಿಟ್ಟರೆ ಮಾವಿನ ಮಾತಿಗೆ ನಮ್ಮ ಸೀಮೆಯ ಹೆಸರೇ ಬರುವುದು. ಡಿಸೆಂಬರ್ ಕಳೆದು ಜನವರಿ ಬಂದಂತೆ ಮರ ಹೂ ತಳೆಯುತ್ತದೆ. ಒಂದೊಂದು ಗೊಂಚಲಲ್ಲಿ ನೂರುಗಟ್ಟಲೆ ಹೂ. ಅವುಗಳಲ್ಲಿ ಎಷ್ಟೋ ಬರೀ ಗಂಡು ಹೂ. ಉಳಿದವು ಕಾಯಿ ಕಚ್ಚಬೇಕಾದರೆ ಯಾರಾದರೂ ಪರಾಗ ತಂದು ಮುಟ್ಟಿಸಬೇಕು. ಯಾರು ತರುತ್ತಾರೆ ಅಂದುಕೊಂಡಿರಿ? ಜೇನು ಬರುತ್ತದೆ, ಆದರೆ ಹೆಚ್ಚಿನ ಕೆಲಸ ನೊಣಗಳದ್ದು. ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ ಪಟ್ಟೆಯ ನೊಣ, ಹೊಳೆಯುವ ಹಸಿರು ನೊಣ, ಮನೆಯಲ್ಲಿ ನಾವು ಅಟ್ಟಾಡಿಸಿ ಓಡಿಸುವ ನೊಣದ ದಾಯಾದಿಗಳು. ಬಾದಾಮಿ ಹಣ್ಣಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಕೂತಾಗ ನೊಣಕ್ಕೆ ಕೃತಜ್ಞತೆ ಹೇಳಿದವರನ್ನು ನಾನಂತೂ ಕಂಡಿಲ್ಲ. ಹಬ್ಬದಲ್ಲಿ ಚಿಟ್ಟೆಯ ಪಕ್ಕದಲ್ಲೇ ಈ ನೊಣದ ದೊಡ್ಡ ಚಿತ್ರವನ್ನೂ ತೂಗು ಹಾಕಬೇಕು ಅನ್ನುತ್ತೇನೆ.

ಹೂ ಬಿಟ್ಟ ಹೊತ್ತಿಗೇ ಜಿಗಿಹುಳವೂ ಬೂದಿರೋಗವೂ ಬರುವುದು ಮಾವಿನ ದುರದೃಷ್ಟ. ತೋಟ ಗುತ್ತಿಗೆ ಹಿಡಿದವರು ಪಂಪು ಹೊತ್ತು ಬರುತ್ತಾರೆ. ಮೊಗ್ಗಿನಲ್ಲಿ ಒಮ್ಮೆ, ಕಾಯಿ ಕಚ್ಚಿದ ಮೇಲೆ ಬೇಕಾದರೆ ಇನ್ನೊಮ್ಮೆ, ಹೂ ಪೂರ್ತಿ ಅರಳಿ ನಿಂತಾಗ ಮಾತ್ರ ಕೀಟನಾಶಕ ಬೇಡ ಅನ್ನುವುದು ತೋಟಗಾರಿಕೆಯವರ ಮಾತು. ಕೇಳುವವರು ಇದ್ದಾರೆ, ಕೇಳದವರೂ ಇದ್ದಾರೆ. ಜಿಗಿಹುಳದ ಜೊತೆಗೆ ನೊಣವೂ ಸತ್ತರೆ ಹೂ ಉದುರಿ ಬರೀ ಕಡ್ಡಿ ನಿಲ್ಲುತ್ತದೆ. ಆಗ ಮಂಜು ಬಿತ್ತು, ಮೋಡ ಕವಿಯಿತು ಅಂತ ಕಾರಣ ಹುಡುಕುತ್ತೇವೆ. ಮಂಜೂ ಮೋಡವೂ ನಿಜವಾದ ಕಾರಣಗಳೇ, ಆದರೆ ನೊಣದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮಾವಿನ ಎಲೆಯನ್ನೇ ತಿಂದು ಬೆಳೆಯುವ ಒಂದು ಚಿಟ್ಟೆಯೂ ಇದೆ, ಬ್ಯಾರನ್ ಅಂತ. ಅದರ ಹುಳದ ಮೈಯಿಂದ ಎರಡೂ ಕಡೆ ಗರಿಯಂತೆ ಹಸಿರು ಮುಳ್ಳು ಚಾಚಿಕೊಂಡಿರುತ್ತವೆ. ಎಲೆಯ ನಡುನರದ ಮೇಲೆ ಅದು ಮಲಗಿದರೆ ಹುಳ ಯಾವುದು ಎಲೆ ಯಾವುದು ತಿಳಿಯದು. ಒಂದು ಮರಕ್ಕೆ ನಾಲ್ಕೆಂಟು ಹುಳ ಇದ್ದರೆ ಫಸಲಿಗೇನೂ ಊನವಿಲ್ಲ.

ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಅವರ ಜಾಣತನದ ಮೇಲೆ ಅಕ್ಕರೆ ಉಕ್ಕುತ್ತದೆ. ಇಷ್ಟು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ಹುಚ್ಚೆಳ್ಳು, ಸಾಸಿವೆ, ತೊಗರಿ, ಅಂಚಿಗೆ ಹರಳು. ರಾಗಿಗೆ ಯಾವ ಕೀಟದ ಹಂಗೂ ಇಲ್ಲ, ತನ್ನ ಪರಾಗದಲ್ಲೇ ತಾನು ಕಾಳು ಕಟ್ಟುತ್ತದೆ. ಆದರೆ ಹುಚ್ಚೆಳ್ಳಿಗೆ ತನ್ನ ಪರಾಗ ತನಗೆ ಸಲ್ಲದು. ಜೇನು ಬಂದು ಒಂದು ಗಿಡದ್ದನ್ನು ಇನ್ನೊಂದಕ್ಕೆ ಒಯ್ದರೇ ಎಣ್ಣೆಕಾಳು. ಕಾರ್ತಿಕದ ಬಿಸಿಲಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿದ ಹೊಲದ ಅಂಚಿನಲ್ಲಿ ನಿಂತರೆ ಸಾಕು, ಹಬ್ಬಕ್ಕೆ ಬೇರೆ ಮಂಟಪ ಬೇಡ. ಹರಳಿನ ಎಲೆಗೊಂದು ಚಿಟ್ಟೆಯ ಹುಳ, ಅವರೆಯ ಹೂವಿಗೆ ನೀಲಿಚಿಟ್ಟೆ. ಮಾಗಡಿ ಅವರೆಯ ಸೊಗಡಿಗೆ ಮನಸೋಲದವರಿಲ್ಲ. ಕಾಯಿ ಸುಲಿಯುವಾಗ ಒಳಗೆ ಸಿಗುವ ಹುಳಗಳಲ್ಲಿ ಆ ನೀಲಿಚಿಟ್ಟೆಯದೂ ಒಂದು. ಹುಳ ಕಂಡ ಕೂಡಲೇ ಅವರೆಕಾಯಿಯನ್ನು ದೂರ ಎಸೆಯುವ ಹೊಸಬರಿಗೆ ಹಳೆಯ ಹೆಂಗಸರು ಹೇಳುವುದನ್ನು ಕೇಳಿದ್ದೇನೆ: 'ಹುಳ ಐತೆ ಅಂದ್ರೆ ಔಸ್ದಿ ಹೊಡ್ದಿಲ್ಲ ಕಣವ್ವ, ಧೈರ್ಯವಾಗಿ ತಿನ್ನು.' ಈಗ ರಾಗಿ ಕೊಯ್ಲಿಗೆ ಯಂತ್ರ ಬಂದಿದೆ, ಯಂತ್ರಕ್ಕೆ ಅಕ್ಕಡಿ ಅಡ್ಡ ಬರುತ್ತದೆ. ಹಾಗಾಗಿ ಹೊಲ ಪೂರ್ತಿ ರಾಗಿಯೊಂದೇ. ರೈತನನ್ನು ದೂರಲು ನಾನು ಸಿದ್ಧನಿಲ್ಲ, ಕೂಲಿ ಯಾವ ಮಟ್ಟಕ್ಕೆ ಹೋಗಿದೆ ಅನ್ನುವುದು ಎಲ್ಲರಿಗೂ ಗೊತ್ತು. ಬದುವಿನ ಮೇಲಾದರೂ ಒಂದು ಸಾಲು ಹುಚ್ಚೆಳ್ಳು ಉಳಿಸಿಕೊಳ್ಳಬಹುದು.

ಮಾಗಡಿ ತಾಲ್ಲೂಕಿನ ಹುಲಿಕಲ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಗೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. 385 ಆಲದ ಮರ ಎಂದು ಲೆಕ್ಕ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಸಾಲುಮರದಲ್ಲಿ ನಮ್ಮ ಕಣ್ಣಿಗೆ ಬೀಳದ ಒಂದು ಕೆಲಸ ವರ್ಷವಿಡೀ ನಡೆಯುತ್ತಿರುತ್ತದೆ. ಆಲದ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಹೂಗಳೆಲ್ಲ ಒಳಗೆ. ಅದರೊಳಕ್ಕೆ ಹೋಗಲು ತುದಿಯಲ್ಲಿ ಸೂಜಿಮೊನೆಯಷ್ಟು ದಾರಿ. ಆಲಕ್ಕೆಂದೇ ಇರುವ, ಒಂದೆರಡು ಮಿಲಿಮೀಟರಿನ ಹೆಣ್ಣು ಕಣಜವೊಂದು ಬೇರೆ ಮರದ ಪರಾಗ ಹೊತ್ತು ತಂದು ಆ ದಾರಿಯಲ್ಲಿ ನುಸುಳುತ್ತದೆ. ನುಸುಳುವಾಗ ರೆಕ್ಕೆ ಕಿತ್ತುಹೋಗುತ್ತದೆ. ಮತ್ತೆ ಹೊರಗೆ ಬರುವುದಿಲ್ಲ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಉಳಿದವಕ್ಕೆ ಪರಾಗ ಕೊಟ್ಟು ಒಳಗೇ ಸಾಯುತ್ತದೆ. ಅದರ ಮಕ್ಕಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ತಂಗಿಯರಿಗೆ ಹೊರಗೆ ಹೋಗಲು ಸುರಂಗ ಕೊರೆದು ಅಲ್ಲೇ ಮುಗಿಯುತ್ತವೆ. ಹೆಣ್ಣುಗಳು ಪರಾಗ ಮೆತ್ತಿಕೊಂಡು ಇನ್ನೊಂದು ಆಲ ಹುಡುಕಿ ಹಾರುತ್ತವೆ. ಅತ್ತಿಗೆ ಬೇರೆ ಕಣಜ, ಅರಳಿಗೆ ಬೇರೆ ಕಣಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅತ್ತಿ ಮತ್ತು ಅದರ ಕಣಜದ ಸಂಬಂಧವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿದ್ದಾರೆ. ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಅಂತ ಮೂಗು ಮುರಿಯುತ್ತೇವಲ್ಲ, ಆ ಹುಳವಿಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ. ತಿಮ್ಮಕ್ಕನ ಮರಗಳಿಗೆ ಹಣ್ಣು ತಿನ್ನಲು ಬರುವ ಗೊರವಂಕ, ಬಾವಲಿ, ಅಳಿಲು ಎಲ್ಲವೂ ಉಣ್ಣುತ್ತಿರುವುದು ಈ ಕಣಜ ಬಡಿಸಿದ ಊಟವನ್ನೇ. ಅವರ ಹೆಸರಲ್ಲಿ ಒಂದು ಹಬ್ಬವಾಗುವುದಾದರೆ ಅದು ಈ ಸಾಲಿನ ನೆರಳಲ್ಲಿ ಆಗಲಿ.

ರಾಮನಗರದ ಬಂಡೆಗಳೆಂದರೆ ಹೊರಗಿನವರಿಗೆ ಶೋಲೆ ಚಿತ್ರ ನೆನಪಾಗುತ್ತದೆ. 2012ರಲ್ಲಿ ರಾಮದೇವರ ಬೆಟ್ಟ ದೇಶದ ಮೊದಲ ರಣಹದ್ದು ಧಾಮವಾಯಿತು. ಇಂಥ ಕಡಿದಾದ ಬಂಡೆಗಳ ಮಳೆ ತಾಕದ ಮಗ್ಗುಲು ಹೆಜ್ಜೇನಿಗೆ ಬಹಳ ಇಷ್ಟ. ಹೂವಿನ ಕಾಲ ನೋಡಿ ಊರೂರು ಅಲೆಯುವ ಹೆಜ್ಜೇನು ವರ್ಷ ತಿರುಗಿದರೆ ಮತ್ತದೇ ಬಂಡೆಗೆ, ಅದೇ ಜಾಗಕ್ಕೆ ಬಂದು ಹಲ್ಲೆ ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಸಿಕ್ಕಿ ದಕ್ಷಿಣ ಭಾರತದ ತುಂಬ ಸತ್ತುಹೋದಾಗಲೂ ಕಾಡಿನ ಹೂವಿಗೆ, ಹೊಂಗೆಗೆ, ಹುಣಸೆಗೆ ಹೋಗಿ ಬಂದದ್ದು ಈ ಹೆಜ್ಜೇನು. ಆದ್ದರಿಂದ ಹಬ್ಬದ ಗದ್ದಲವನ್ನು ರಾಮದೇವರ ಬೆಟ್ಟಕ್ಕೆ ಒಯ್ಯುವುದು ಬೇಡ. ಹದ್ದಿಗೂ ಜೇನಿಗೂ ಬೇಕಾದದ್ದು ಸದ್ದಿಲ್ಲದ ಬಂಡೆ.

ಹಾಗಾದರೆ ಎಲ್ಲಿ ಮಾಡಬೇಕು? ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆಯಲ್ಲ, ಹೆದ್ದಾರಿಯ ಪಕ್ಕದಲ್ಲೇ. ಆಷಾಢದ ಗಾಳಿಗೆ ಅಲ್ಲಿ ಗಾಳಿಪಟ ಉತ್ಸವ ನಡೆಯುತ್ತದೆ. ಮರಗಳಿವೆ, ಜಾಗವಿದೆ, ಮಕ್ಕಳನ್ನು ಕರೆತರುವ ರೂಢಿಯೂ ಇದೆ. ಚನ್ನಪಟ್ಟಣದ ಗೊಂಬೆಯವರು ಬಂದು ಪಟ್ಟಡೆ ಹಾಕಲಿ. ಆಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಹತ್ತುವುದನ್ನು ನೋಡಲು ಮಕ್ಕಳು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ. ಆ ಅರಗೂ ಒಂದು ಕೀಟ ಸುರಿಸಿದ್ದೇ. ರಾತ್ರಿಗೆ ಒಂದು ಬಿಳಿ ಪಂಚೆ ಕಟ್ಟಿ ಹಿಂದೆ ದೀಪ ಹಚ್ಚಿದರೆ ಪತಂಗಗಳು ತಾವೇ ಬಂದು ಕೂರುತ್ತವೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಪತಂಗ ವಾರವನ್ನು ಈಗ ಜುಲೈ ಕೊನೆಗೆ ಎಷ್ಟೋ ದೇಶಗಳವರು ಹೀಗೆಯೇ ಆಚರಿಸುತ್ತಾರೆ. ಸಂಜೆ ಅರಳುವ ಸೋರೆ ಹೂವಿಗೆ ಉದ್ದ ನಾಲಿಗೆ ಚಾಚುವ ಗಿಡುಗ ಪತಂಗವನ್ನು ಒಮ್ಮೆ ಕಂಡ ಹುಡುಗ, ರಾತ್ರಿಯನ್ನು ಮೊದಲಿನ ಕಣ್ಣಿಂದ ನೋಡಲಾರ.

ಕಾಲ ಯಾವುದೆಂದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ಮುಂಗಾರಿಗೆ ಮುಂಚೆ ಘಟ್ಟದಿಂದ ಬಯಲಿಗೆ ಹಾರಿ ಬಂದ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳ ಸಂತತಿ ಮಳೆ ತಗ್ಗಿದ ಮೇಲೆ ಪಶ್ಚಿಮಕ್ಕೆ ಮರಳುವ ಹೊತ್ತು ಅದು. ಹಸಿರು ಗೊಬ್ಬರಕ್ಕೆ ಬಿತ್ತಿದ ಸೆಣಬಿನ ಜಾತಿಯ ಗಿಡ ಕಂಡರೆ ಗಂಡು ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಅದರ ರಸದಲ್ಲಿನ ಕಹಿ ಅವಕ್ಕೆ ಹೆಣ್ಣನ್ನು ಒಲಿಸಿಕೊಳ್ಳುವ ಗಂಧವಾಗುತ್ತದೆ. ಕನಕಪುರದವರಾದರೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋಗಿ. ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತು ಉಪ್ಪು ಹೀರುವುದನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. 2006ರಲ್ಲಿ ತೆರೆದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನ ದೇಶಕ್ಕೆ ಮೊದಲನೆಯದು, ಚೆನ್ನಾಗಿದೆ. ಅದರ ಬೆನ್ನಿಗಿರುವ ಕಾಡೇ ದಕ್ಷಿಣಕ್ಕೆ ಹಬ್ಬಿ ಕೋಡಿಹಳ್ಳಿಯವರೆಗೆ ಬಂದಿದೆ. ಅಲ್ಲಿ ಛಾವಣಿಯೂ ಇಲ್ಲ, ಟಿಕೆಟ್ಟೂ ಇಲ್ಲ.

ಹಬ್ಬಕ್ಕೆ ಬಂದವರ ಕೈಗೆ ಏನು ಕೊಡಬೇಕು ಅನ್ನುವುದರಲ್ಲಿ ನನ್ನದೊಂದು ಹಟವಿದೆ. ಬಣ್ಣ ಬಣ್ಣದ ಪರದೇಶಿ ಹೂಗಿಡ ಬೇಡ. ಹೂವಿಗೆ ಚಿಟ್ಟೆ ಉಣ್ಣಲು ಬರುತ್ತದೆ, ಸಂಸಾರ ಹೂಡುವುದು ಎಲೆಯ ಮೇಲೆ. ನಿಂಬೆ, ಕರಿಬೇವು ಕೊಡಿ. ಎಕ್ಕ, ತಂಗಡಿಯನ್ನು ಕೀಳಬೇಡಿ ಎಂದು ಹೇಳಿ. ಸಿಕ್ಕರೆ ಈಶ್ವರಿ ಬಳ್ಳಿ ಕೊಡಿ. ನಮ್ಮ ರಾಜ್ಯದ ಚಿಟ್ಟೆ ಎನಿಸಿಕೊಂಡ, ಕಪ್ಪು ಹಳದಿಯ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಆ ಬಳ್ಳಿಯ ಬಂಧುಗಳ ಮೇಲೆಯೇ.

ಈ ನಾಲ್ಕು ತಾಲ್ಲೂಕಿನ ಮೇಷ್ಟರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಒಂದು ಕರಿಬೇವಿನ ಗಿಡವಿದ್ದರೆ, ಅದರ ಎಲೆ ತೂತಾಗಿದ್ದರೆ, ಔಷಧಿ ತರಿಸಬೇಡಿ. ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣುವ ಹುಳ ಒಂದು ಅಲ್ಲಿ ಕೂತಿರುತ್ತದೆ. ಮಕ್ಕಳನ್ನು ಕರೆದು ತೋರಿಸಿ. ದಿನಾ ಬಂದು ನೋಡಲಿ, ಯಾವ ಜ್ವರದಲ್ಲಿದೆ ಎಂದು ಅವರೇ ಬರೆದಿಡಲಿ; ನಿಮಗೆ ತಿಳಿಯದಿದ್ದರೆ ರೇಷ್ಮೆ ಸಾಕಿದ ಯಾವುದಾದರೂ ಮಗುವಿನ ಅಜ್ಜಿಯನ್ನು ಶಾಲೆಗೆ ಕರೆಸಿ, ಅವರು ಹೇಳಿಕೊಡುತ್ತಾರೆ.